ಇವತ್ತು ಯಾವ ಮೀನುಂಟು?

ಮಂಗಳೂರಿನ ಮೀನೂಟದ ಹೋಟೆಲಿಗೆ ಮಧ್ಯಾಹ್ನವೇ ಜೀವ. ಹನ್ನೆರಡರ ಹೊತ್ತಿಗೆ ಕಾವಲಿ ಕಾದಿರುತ್ತದೆ, ಮೂರು ಗಂಟೆಗೆ ಒಳ್ಳೆಯ ಮೀನೆಲ್ಲ ಖಾಲಿ. ಹಳೆ ಬಂದರಿನ ಗಲ್ಲಿಗಳಲ್ಲಿ, ರಥಬೀದಿಯ ಆಸುಪಾಸಿನಲ್ಲಿ, ಕೋರ್ಟು ಕಚೇರಿಗಳ ಬೆನ್ನಿಗೆ ಇಂಥ ಹೋಟೆಲುಗಳು ದಶಕಗಳಿಂದ ನಡೆದುಬಂದಿವೆ. ಬಂದರಿನ ನಾರಾಯಣ, ರಥಬೀದಿಯ ಗಿರಿಮಂಜಾಸ್ ಮುಂತಾದ ಹೆಸರು ಊರು ದಾಟಿ ಹೋಗಿದೆ. ಹೆಸರೇ ಕೇಳಿರದ, ಬೋರ್ಡಿನ ಬಣ್ಣ ಮಾಸಿದ ಸಣ್ಣ ಹೋಟೆಲುಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲೆಲ್ಲ ಕುರ್ಚಿ ಖಾಲಿಯಾದಲ್ಲಿ ಕೂರಬೇಕು. ಬ್ಯಾಂಕಿನ ಮ್ಯಾನೇಜರ್, ಲಾರಿಯ ಚಾಲಕ, ವಕೀಲರು, ದಕ್ಕೆಯ ಕಾರ್ಮಿಕರು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಊಟ ಮುಗಿಸುವವರ ಹಿಂದೆ ಇನ್ನೊಬ್ಬರು ಕಾದು ನಿಲ್ಲುವುದನ್ನು ಇಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ. ಎ.ಸಿ. ಹಾಕಿಸಿ, ದೊಡ್ಡ ಮೆನು ಕಾರ್ಡು ಇಟ್ಟು, ರಾತ್ರಿಯೂ ನಡೆಸುವ ಸೀಫುಡ್ ರೆಸ್ಟೋರೆಂಟುಗಳು ಆಮೇಲೆ ಬಂದವು. ಎರಡರಲ್ಲೂ ಒಳ್ಳೆಯ ಊಟ ಸಿಗುತ್ತದೆ. ಆದರೆ ಮೀನು ತಿನ್ನುವ ಕ್ರಮ ಕಲಿಯಬೇಕಾದರೆ ಮಧ್ಯಾಹ್ನದ ಹೋಟೆಲಿಗೇ ಹೋಗಬೇಕು.

‘ಊಟ’ ಎಂದರೆ ಅಲ್ಲಿ ಏನು ಬರುತ್ತದೆ ಎಂಬುದು ಹೆಚ್ಚುಕಡಿಮೆ ಗೊತ್ತಿರುವುದೇ. ಕುಚ್ಚಿಲಕ್ಕಿ ಅನ್ನವೋ ಬೆಳ್ತಿಗೆ ಅನ್ನವೋ ಎಂದು ಮೊದಲೇ ಕೇಳುತ್ತಾರೆ. ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ ಅದರ ಜೊತೆಗೇ. ಸಾರಿನಲ್ಲಿ ಬಹುತೇಕ ಆ ದಿನ ಅಗ್ಗಕ್ಕೆ ಸಿಕ್ಕ ಮೀನಿನ ತುಂಡು ಇರುತ್ತದೆ; ಕೆಲವು ಕಡೆ ಬರೀ ರಸ. ಅನ್ನ, ಸಾರು ಎರಡನ್ನೂ ಕೇಳಿದಷ್ಟು ಬಡಿಸುತ್ತಾರೆ. ಹುರಿದ ಮೀನಿಗೆ ಮಾತ್ರ ಬೇರೆ ರೇಟು. ಹೋಟೆಲಿನವರ ಲಾಭ ನಿಂತಿರುವುದು ಅದರಲ್ಲಿ. ಕುಚ್ಚಿಲಕ್ಕಿಯನ್ನು ಹೊರಗಿನಿಂದ ಬಂದವರು ಬೇಡವೆನ್ನುವುದುಂಟು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಈ ದಪ್ಪ ಕೆಂಪಕ್ಕಿಯ ಅನ್ನ ಅಗುಳು ಅಗುಳಾಗಿ ನಿಲ್ಲುತ್ತದೆ, ಹುಳಿ ಖಾರದ ಸಾರು ಸುರಿದರೂ ಮುದ್ದೆಯಾಗುವುದಿಲ್ಲ. ಮೀನಿನ ಸಾರಿಗೆ ಇದಕ್ಕಿಂತ ಒಪ್ಪುವ ಅನ್ನ ಇನ್ನೊಂದಿಲ್ಲ.

ಹೋಟೆಲಿನ ದಿನ ಶುರುವಾಗುವುದು ದಕ್ಕೆಯಲ್ಲಿ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗಡೆ, ಬೆಂಗ್ರೆಯ ಮರಳ ದಿಣ್ಣೆಗೆ ಎದುರಾಗಿ, ಮೀನುಗಾರಿಕಾ ದಕ್ಕೆ ಇದೆ. ಬೆಳಕು ಹರಿಯುವ ಮೊದಲೇ ಅಲ್ಲಿ ಏಲಂ ಕೂಗುವುದು ಕೇಳುತ್ತದೆ. ಬೋಟಿನ ಹೊಟ್ಟೆಯಿಂದ ಕ್ರೇಟುಗಳು ಮೇಲೆ ಬರುತ್ತವೆ, ಜಾತಿವಾರು ಗಾತ್ರವಾರು ಬೇರೆಯಾಗುತ್ತವೆ, ಐಸ್‌ಪುಡಿ ಬೀಳುತ್ತದೆ. ಹೋಟೆಲಿಗೆ ಕೊಳ್ಳುವವರು ಕಿವಿರು ಎತ್ತಿ ನೋಡಿ, ಬೆರಳಿನಿಂದ ಮಾಂಸ ಒತ್ತಿ ನೋಡಿ, ರೇಟು ಕೇಳುತ್ತಾರೆ. ಕಿವಿರು ರಕ್ತಗೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಒತ್ತಿದ ಗುಳಿ ಕೂಡಲೇ ಮೇಲೆ ಬರಬೇಕು. ಬೂತಾಯಿ, ಬಂಗುಡೆಯಾದರೆ ಹೊಟ್ಟೆ ಒಡೆದಿರಬಾರದು. ಇವೆರಡರ ಕರುಳಿನ ಜೀರ್ಣರಸ ಮೀನು ಸತ್ತ ಮೇಲೂ ಕೆಲಸ ನಿಲ್ಲಿಸದೆ ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತದೆ. ಹೊಟ್ಟೆ ಒಡೆದ ಬೂತಾಯಿ ಹಳತಾಯಿತು ಎಂದೇ ಲೆಕ್ಕ. ಸಣ್ಣ ಹೋಟೆಲಿನವರು ಸ್ಟೇಟ್‌ಬ್ಯಾಂಕ್ ಪರಿಸರದ ಮಾರುಕಟ್ಟೆಯಲ್ಲಿ ಮೊಗವೀರ ಹೆಂಗಸರ ಬುಟ್ಟಿಯಿಂದಲೂ ಕೊಳ್ಳುತ್ತಾರೆ. ಅಲ್ಲಿ ದಿನದಿನದ ಪರಿಚಯವೇ ಖಾತರಿ.

ದಕ್ಕೆಗೆ ಬಂದ ಮೀನೆಲ್ಲ ಒಂದೇ ದಿನದ್ದಲ್ಲ. ತಿನ್ನಲು ಹೋಗುವವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ ಇದು, ಮೆನು ಕಾರ್ಡು ಎಲ್ಲೂ ಹೇಳದ ಸಂಗತಿಯೂ ಹೌದು. ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೊರಟರೆ ವಾರವೋ ಹತ್ತು ದಿನವೋ ಕಡಲಲ್ಲೇ ಇರುತ್ತವೆ. ಮೊದಲ ದಿನ ಹಿಡಿದ ಮೀನು ದಡ ಕಾಣುವಾಗ ಐಸಿನಲ್ಲಿ ಅಷ್ಟು ದಿನ ಕಳೆದಿರುತ್ತದೆ. ಮೀನಿನ ಗುಂಪನ್ನೇ ಬಲೆಯಲ್ಲಿ ಸುತ್ತುವರಿಯುವ ಪರ್ಸೀನ್ ಬೋಟುಗಳು ಹೋಗಿ ಅದೇ ದಿನ ಮರಳುತ್ತವೆ. ಅವು ತರುವುದು ಗುಂಪಾಗಿ ತಿರುಗುವ ಬೂತಾಯಿ, ಬಂಗುಡೆ, ಕೊಲ್ಲತರು. ನಾಡದೋಣಿ, ದಡಕ್ಕೆ ಎಳೆಯುವ ಕೈರಂಪಣಿ ಬಲೆಗಳದ್ದು ಇನ್ನೂ ಹತ್ತಿರದ ಮೀನು, ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನದ ಕಾವಲಿಗೆ. ಹೀಗಾಗಿ ದುಬಾರಿ ಮೀನೇ ತಾಜಾ ಮೀನು ಎಂಬ ನಂಬಿಕೆ ಎಷ್ಟೋ ಸಲ ಸುಳ್ಳು. ದುಬಾರಿಯ ಅಂಜಲ್ ತುಂಡು ವಾರದ ಹಿಂದಿನದಾಗಿದ್ದು, ಪಕ್ಕದ ಎಲೆಯ ಅಗ್ಗದ ಬೂತಾಯಿ ಅದೇ ದಿನ ಬೆಳಿಗ್ಗೆಯದಾಗಿರಬಹುದು. ಐಸ್ ಸರಿಯಾಗಿ ಹಾಕಿದ್ದರೆ ವಾರದ ಅಂಜಲ್ ಕೂಡ ಕೆಟ್ಟದ್ದೇನಲ್ಲ. ಆದರೆ ಕಡಲ ಪಕ್ಕದಲ್ಲೇ ಕೂತು ಉಣ್ಣುವ ಭಾಗ್ಯ ಇದ್ದಾಗ ಆ ದಿನದ ಮೀನನ್ನು ಬಿಟ್ಟು ವಾರದ ಮೀನನ್ನು ಆರಿಸುವುದರಲ್ಲಿ ಅರ್ಥವಿಲ್ಲ.

ಈ ಬೋಟುಗಳ ಕಥೆ ಬಹಳ ಹಳತಲ್ಲ. 1970ರ ದಶಕದ ನಡುಭಾಗದವರೆಗೂ ಕರಾವಳಿಯ ದೊಡ್ಡ ಮೀನುಗಾರಿಕೆ ಎಂದರೆ ರಂಪಣಿ. ದಡದಿಂದ ದೋಣಿಯಲ್ಲಿ ಹೋಗಿ ಬಹುದೂರದವರೆಗೆ ಬಲೆ ಸುತ್ತಿ, ಎರಡೂ ತುದಿಯಲ್ಲಿ ಹತ್ತಾರು ಮಂದಿ ನಿಂತು ಮರಳಿಗೆ ಎಳೆಯುತ್ತಿದ್ದರು. ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಪರ್ಸೀನ್ ಬಂದ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು. ದೇಶದಲ್ಲಿ ಈ ಬಗೆಯ ಮೊದಲ ಕಾಲೇಜು ಅದು. ದಡದ ಬಲೆಯಿಂದ ಎಂಜಿನ್ನಿನ ಬಲೆಗೆ ದಾಟಿದ ಕಾಲವೂ ಅದೇ. ಹೋಟೆಲುಗಳಿಗೆ ವರ್ಷದ ಬಹುಭಾಗ ಸರಾಗವಾಗಿ ಮೀನು ಸಿಗತೊಡಗಿದ್ದು ಆಮೇಲೆಯೇ.

ಕಾಲಕ್ಕೊಂದು ರುಚಿ

ಮಾವಿನಂತೆ ಮೀನಿಗೂ ಕಾಲವುಂಟು. ಮಳೆಗಾಲದಲ್ಲಿ ನೈರುತ್ಯ ಮಾರುತದ ಬಲಕ್ಕೆ ಪಶ್ಚಿಮ ಕರಾವಳಿಯ ಮೇಲ್ಪದರದ ನೀರು ಆಚೆ ಸರಿದು, ತಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಮೇವು. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಸೊರಗಿದ ಬೂತಾಯಿ, ಆ ಮೇವು ತಿಂದು ಅಕ್ಟೋಬರಿನಿಂದ ಡಿಸೆಂಬರಿನ ಹೊತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ. ಆಗ ಕಾವಲಿಗೆ ಹಾಕಿದರೆ ಹೋಟೆಲಿನವರು ಎಣ್ಣೆಯನ್ನು ಹೆಚ್ಚು ಹೊಯ್ಯಬೇಕಾಗಿಲ್ಲ, ಮೀನಿನ ಎಣ್ಣೆಯೇ ಹರಿದು ಬರುತ್ತದೆ. ಅದೇ ಮೀನು ಏಪ್ರಿಲ್‌ನಲ್ಲಿ ಒಣಕಲು, ಮುಳ್ಳೇ ಹೆಚ್ಚು ಎನಿಸುತ್ತದೆ. ಬಂಗುಡೆಯೂ ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ದಕ್ಕೆಗೆ ರಾಶಿಯಾಗಿ ಬೀಳುತ್ತದೆ.

ಆದರೆ ಬೂತಾಯಿಯನ್ನು ನೆಚ್ಚಿ ಕೂರುವ ಹಾಗಿಲ್ಲ. ಒಂದು ವರ್ಷ ದಕ್ಕೆ ತುಂಬ ಬೂತಾಯಿ. ಇನ್ನೊಂದು ವರ್ಷ ಹುಡುಕಿದರೂ ಇಲ್ಲ. 2012ರ ನಂತರದ ಕೆಲವು ವರ್ಷ ಕೇರಳದಲ್ಲಿ ಅದರ ಇಳುವರಿ ಕುಸಿದು ಹೋಯಿತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಲ್ ನಿನೊದಿಂದ ಕಡಲು ಬಿಸಿಯಾದದ್ದನ್ನೂ, ಮರಿಗಳನ್ನೇ ಬಾಚಿದ್ದನ್ನೂ ಕಾರಣವಾಗಿ ಹೇಳಿದರು. ಅಂಥ ವರ್ಷಗಳಲ್ಲಿ ಬಡವರ ಮೀನಿಗೂ ಬಂಗಾರದ ಬೆಲೆ ಬರುತ್ತದೆ.

ಮೇಜಿನ ಮುಂದೆ

ಹಳೆಯ ಕ್ರಮದ ಹೋಟೆಲಿನಲ್ಲಿ ಮೆನು ಕಾರ್ಡಿಗೆ ಬೆಲೆಯಿಲ್ಲ. ಬಡಿಸುವವರು ಬಂದು “ಬಂಗುಡೆ ಉಂಟು, ನಂಗ್ ಉಂಟು, ಅಂಜಲ್ ಉಂಟು, ಕಾಣೆ ಖಾಲಿ ಸರ್” ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಕೆಲವು ಕಡೆ ಹುರಿದ ಮೀನಿನ ದೊಡ್ಡ ತಟ್ಟೆಯನ್ನೇ ಮೇಜಿಗೆ ತಂದು ಹಿಡಿಯುತ್ತಾರೆ. ಕೈ ತೋರಿಸಿದ್ದು ಎಲೆಗೆ ಬೀಳುತ್ತದೆ. ಇನ್ನು ಕೆಲವು ಕಡೆ ಮಸಾಲೆ ಹಚ್ಚಿಟ್ಟ ಹಸಿ ಮೀನಿನ ಟ್ರೇ ಬರುತ್ತದೆ, ಆರಿಸಿ ಕೊಟ್ಟ ಮೇಲೆ ಹುರಿಯುತ್ತಾರೆ. ಎರಡನೆಯ ಕ್ರಮಕ್ಕೆ ಹತ್ತು ಹದಿನೈದು ನಿಮಿಷ ಹೆಚ್ಚು ಬೇಕು, ಅಷ್ಟು ಕಾಯುವುದಕ್ಕೆ ಅದು ಯೋಗ್ಯ. ಯಾವುದೇ ಆಗಲಿ, “ಇವತ್ತು ಯಾವುದು ಒಳ್ಳೆಯದುಂಟಣ್ಣ?” ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸರಿಯಾದ ಉತ್ತರವೇ ಸಿಗುತ್ತದೆ. ಬಡಿಸುವವರಿಗೆ ಬೆಳಿಗ್ಗೆ ಏನು ಬಂತು ಎಂಬುದು ಗೊತ್ತಿರುತ್ತದೆ. ಗಿರಾಕಿ ಮತ್ತೆ ಬರಬೇಕೆಂಬ ಆಸೆಯೂ ಇರುತ್ತದೆ. ವರ್ಷದ 365 ದಿನವೂ ಎಲ್ಲ ಮೀನೂ ಸಿಗುತ್ತದೆ ಎನ್ನುವ ಹೋಟೆಲಿಗಿಂತ “ಇವತ್ತು ಕಾಣೆ ಇಲ್ಲ” ಎನ್ನುವ ಹೋಟೆಲು ಹೆಚ್ಚು ನಂಬಿಕೆಗೆ ಅರ್ಹ.

ಹುರಿಯುವುದರಲ್ಲಿ ಎರಡು ಮುಖ್ಯ ದಾರಿ. ತವಾ ಫ್ರೈ ಅಥವಾ ಮಸಾಲೆ ಫ್ರೈ ಒಂದು, ರವಾ ಫ್ರೈ ಇನ್ನೊಂದು. ಮಸಾಲೆಯ ಜೀವ ಬ್ಯಾಡಗಿ ಮೆಣಸು. ಹಾವೇರಿ, ಧಾರವಾಡ, ಗದಗ ಕಡೆಯ ಈ ಮೆಣಸಿನಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಆದ್ದರಿಂದಲೇ ಕಾವಲಿಯ ಎಣ್ಣೆಯೆಲ್ಲ ಕೆಂಪಗಾಗಿ ಮೀನಿನ ಮೈಗೆ ಅಂಟುತ್ತದೆ. ಮೆಣಸಿನ ಜೊತೆ ಹುಣಸೆ, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಅರಿಶಿನ, ಉಪ್ಪು. ಇದನ್ನು ನುಣ್ಣಗೆ, ನೀರಾಗದಂತೆ ಅರೆದು, ಗೀರು ಹಾಕಿದ ಮೀನಿಗೆ ಹಚ್ಚಿ ಅರ್ಧ ತಾಸಾದರೂ ಬಿಡುತ್ತಾರೆ. ಬಂಗುಡೆ, ಅಂಜಲ್‌ನಂಥ ಗಟ್ಟಿ ಮೈಯ ಮೀನು ಮಸಾಲೆಯಲ್ಲೇ ಕಾವಲಿಯ ಮೇಲೆ ನಿಲ್ಲುತ್ತವೆ. ಕಾಣೆ, ನಂಗ್‌ಗಳ ಮಾಂಸ ಮೆತ್ತಗೆ. ಹಾಗೇ ಹಾಕಿದರೆ ಕಾವಲಿಗೆ ಹಿಡಿದು ಮುರಿಯುತ್ತವೆ. ರವೆಯ ಹೊದಿಕೆ ಅವನ್ನು ಕಾಯುತ್ತದೆ, ಒಳಗಿನ ನೀರನ್ನೂ ಹಿಡಿದಿಡುತ್ತದೆ. ಬೊಂಡಾಸು (ಸ್ಕ್ವಿಡ್), ಸಿಗಡಿಗೂ ರವೆ ಒಪ್ಪುತ್ತದೆ. ಅಂಜಲ್‌ಗೆ ರವಾ ಫ್ರೈ ಹೇಳುವವರು ಬಹಳ, ಆದರೆ ಅಷ್ಟು ಬೆಲೆ ತೆತ್ತು ರವೆಯ ಗರಿಗರಿಯನ್ನೇ ತಿಂದು ಏಳುವುದು ದಂಡ.

ಹುಳಿಗೆ ಇಷ್ಟು ಮಹತ್ವ ಬಂದದ್ದು ನಾಲಿಗೆಯ ಚಪಲದಿಂದಷ್ಟೇ ಅಲ್ಲ. ಉಪ್ಪುನೀರಿನಲ್ಲಿ ಬದುಕಲು ಕಡಲ ಮೀನುಗಳು ಮೈಯಲ್ಲಿ ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಇಟ್ಟುಕೊಳ್ಳುತ್ತವೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮಿಥೈಲಮೀನ್ ಆಗಿಸುತ್ತವೆ. ಮೂಗಿಗೆ ಬಡಿಯುವ ಮೀನುನಾತ ಅದರದ್ದೇ. ಹುಳಿ ಸೇರಿದಾಗ ಅದು ಗಾಳಿಗೆ ಹಾರದ ಲವಣವಾಗಿ ಕುಳಿತುಬಿಡುತ್ತದೆ. ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ, ಎಳೆ ಮಾವು, ವಿನೆಗರ್, ನಿಂಬೆ ಹೀಗೆ ಕರಾವಳಿಯ ಯಾವ ಅಡುಗೆಮನೆಗೆ ಹೋದರೂ ಮೀನಿನ ಪಕ್ಕದಲ್ಲಿ ಒಂದಲ್ಲ ಒಂದು ಹುಳಿ ಕಾಣುತ್ತದೆ. ರಸಾಯನಶಾಸ್ತ್ರ ಓದದ ಅಜ್ಜಿಯಂದಿರು ಇದನ್ನು ಕಂಡುಕೊಂಡಿದ್ದರು ಎಂಬುದು ನಿಜಕ್ಕೂ ದೊಡ್ಡ ವಿಷಯ. ಹೊಳೆಮೀನಿನಲ್ಲಿ ಆ ವಸ್ತು ಅತ್ಯಲ್ಪ, ಹಾಗಾಗಿ ಅದರ ವಾಸನೆಯ ಬಗೆಯೇ ಬೇರೆ.

ಸಾರಿನ ಲೋಕ ಇನ್ನೂ ದೊಡ್ಡದು. ತೆಂಗಿನಕಾಯಿ ಅರೆದು ಮಾಡುವ ಗಸಿ ಒಂದು ಕಡೆ, ತೆಂಗಿನಕಾಯಿ ಹಾಕದೆ ಹುಣಸೆ ಮೆಣಸುಗಳ ಬಲದ ಮೇಲೆಯೇ ನಿಲ್ಲುವ ಪುಳಿಮುಂಚಿ ಇನ್ನೊಂದು ಕಡೆ. ಬೂತಾಯಿಯಂಥ ಎಣ್ಣೆ ಮೀನಿಗೆ ಪುಳಿಮುಂಚಿಯೇ ಸರಿ. ಕೊಬ್ಬಿನ ಮೇಲೆ ತೆಂಗಿನ ಕೊಬ್ಬು ಹೇರಿದರೆ ಬಾಯಿ ಕಟ್ಟುತ್ತದೆ. ಸಿಗಡಿ, ಮಾಂಜಿ, ಕಾಣೆಗಳಿಗೆ ಗಸಿ. ಮಂಗಳೂರಿನ ಒಂದೇ ರಸ್ತೆಯ ಹೋಟೆಲುಗಳಲ್ಲಿ ಸಾರಿನ ಬಣ್ಣ ಬೇರೆಬೇರೆ ಇರುವುದು ಅಡುಗೆಮನೆಗಳ ಮೂಲ ಬೇರೆ ಇರುವುದರಿಂದ. ಬಂಟರು, ಬಿಲ್ಲವರು, ಮೊಗವೀರರು ತೆಂಗಿನಕಾಯಿ, ಕೊತ್ತಂಬರಿ, ಮೆಣಸು ಹುರಿದು ಅರೆಯುತ್ತಾರೆ. ಕ್ರೈಸ್ತರ ಮನೆಯಲ್ಲಿ ಬಫಾತ್ ಎಂಬ ಮಸಾಲೆ ಪುಡಿ ಮತ್ತು ವಿನೆಗರ್ ಬರುತ್ತದೆ. ಕೊಂಕಣಿಗರಲ್ಲಿ ಇಂಗು, ಜುಮ್ಮನಕಾಯಿ. ಈ ಕಾಯಿಯ ಒಂದೆರಡು ಸಿಪ್ಪೆ ಬಂಗುಡೆ ಸಾರಿಗೆ ಬಿದ್ದರೆ ನಾಲಿಗೆ ಸಣ್ಣಗೆ ಜುಮ್ಮೆನ್ನುತ್ತದೆ. ಬ್ಯಾರಿಗಳ ಮೀನಿನಡುಗೆಗೆ ಅದರದೇ ಘಮ. ಹೋಟೆಲು ಇವನ್ನೆಲ್ಲ ಒಂದು ಹದಕ್ಕೆ ತಂದಿದೆ, ಆದರೂ ಹಿನ್ನೆಲೆ ಅಳಿಸಿಹೋಗಿಲ್ಲ. ಮೀನಿನ ಸಾರು ಮಾಡಿದ ದಿನಕ್ಕಿಂತ ಮರುದಿನ ರುಚಿ ಎಂಬ ಮನೆಯ ಮಾತು ಹೋಟೆಲಿಗೆ ಮಾತ್ರ ಅನ್ವಯಿಸದಿರುವುದು ಒಳ್ಳೆಯದು.

ಇನ್ನು ತಿನ್ನುವ ಕ್ರಮ. ಚಮಚ, ಫೋರ್ಕುಗಳಿಂದ ಬಂಗುಡೆ ತಿನ್ನಲಾಗದು. ಹುರಿದ ಬಂಗುಡೆ ಎಲೆಗೆ ಬಂದಾಗ ಮೊದಲು ಬೆನ್ನಿನ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಮಸಾಲೆಯ ತೊಗಲು ಬಿರಿದು, ಮೇಲಿನ ಅರ್ಧ ಎರಡು ಪಟ್ಟಿಯಾಗಿ ಬಿಟ್ಟುಕೊಡುತ್ತದೆ. ಬೆನ್ನಿನ ಕಡೆಯದು ದಪ್ಪ, ಮುಳ್ಳು ಕಡಿಮೆ. ಹೊಟ್ಟೆಯ ಕಡೆಯದು ತೆಳು, ಸಣ್ಣ ಮುಳ್ಳುಂಟು. ಮೇಲಿನ ಅರ್ಧ ಮುಗಿದ ಮೇಲೆ ಬಾಲ ಹಿಡಿದು ನಿಧಾನಕ್ಕೆ ಎತ್ತಿದರೆ ನಡುಮುಳ್ಳು ತಲೆಯವರೆಗೆ ಒಂದೇ ಎಳೆಯಾಗಿ ಬರುತ್ತದೆ. ಕೆಳಗಿನ ಅರ್ಧ ಪೂರ್ತಿ ಎಲೆಯ ಮೇಲೆ ಉಳಿಯುತ್ತದೆ. ಮೀನನ್ನು ಮಗುಚಿ ಹಾಕಿದರೆ ಮುರಿದ ಮುಳ್ಳು ಮಾಂಸದೊಳಗೆ ಸೇರುತ್ತದೆ. ನಡುಮುಳ್ಳಿನ ಉದ್ದಕ್ಕೆ ಕಾಣುವ ಕಂದು ಮಾಂಸವನ್ನು ಬಿಡುವವರು ಬಹಳ. ಆದರೆ ಬಂಗುಡೆಯ ನಿಜವಾದ ರುಚಿ ಇರುವುದು ಅಲ್ಲೇ. ತಾಜಾ ಮೀನಿನ ಮಾಂಸ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಹಳತು ಹಿಟ್ಟಿನಂತೆ ಮೆದುವಾಗಿ ಬೆರಳಿಗೆ ಅಂಟುತ್ತದೆ. ಮಸಾಲೆ ಎಷ್ಟು ಹಚ್ಚಿದರೂ ಈ ವ್ಯತ್ಯಾಸವನ್ನು ಮುಚ್ಚಲಾಗುವುದಿಲ್ಲ.

ಮುಳ್ಳಿಗೆ ಹೆದರುವವರಿಗೆ, ಮಕ್ಕಳಿಗೆ ಕಾಣೆಯಂಥ ಮೀನಿಲ್ಲ. ಅಳಿವೆಯ ಮರಳಿನಲ್ಲಿ ಬದುಕುವ ಈ ಬೆರಳುದ್ದದಿಂದ ಗೇಣುದ್ದದ ಮೀನಿಗೆ ನಡುವೆ ಒಂದೇ ನೇರ ಮುಳ್ಳು, ಬಿಳಿ ಮಾಂಸ, ತೀರ ಸೌಮ್ಯ ರುಚಿ. ಬೇಡಿಕೆ ಹೆಚ್ಚಿ ಅದರ ಬೆಲೆ ಈಗ ಅಂಜಲ್‌ನ ಪಕ್ಕಕ್ಕೆ ಬಂದು ನಿಂತಿದೆ. ಮೆನುವಿನಲ್ಲಿ ಬಿಳಿ ಮಾಂಜಿ, ಕಪ್ಪು ಮಾಂಜಿ ಎಂದು ಒಟ್ಟಿಗೆ ಬರೆದಿರುತ್ತಾರೆ, ಅವು ಒಂದೇ ಕುಟುಂಬದ ಮೀನುಗಳಲ್ಲ. ಕಪ್ಪು ಮಾಂಜಿ ಪಾರೆ ಮೀನಿನ ಕುಲದ್ದು. ಬೆಲೆ ಕಡಿಮೆ, ರುಚಿಯಲ್ಲಿ ತನ್ನದೇ ಗಟ್ಟಿತನವುಂಟು.

ಚಿಪ್ಪಿನ ಜೀವಿಗಳದ್ದು ಬೇರೆ ಅಧ್ಯಾಯ. ಮರುವಾಯಿ ಸುಕ್ಕ ಕರಾವಳಿಯ ದೊಡ್ಡ ಸೊಗಸುಗಳಲ್ಲೊಂದು: ಅಳಿವೆಯ ಕೆಸರಿನಿಂದ ಕೈಯಲ್ಲಿ ಹೆಕ್ಕಿ ತಂದ ಚಿಪ್ಪುಗಳು, ಒರಟಾಗಿ ಅರೆದ ತೆಂಗಿನಕಾಯಿಯ ಮಸಾಲೆ, ಜೊತೆಗೆ ನೀರುದೋಸೆ. ಅಡುಗೆಗೆ ಮೊದಲು ಇವನ್ನು ನೀರಿನಲ್ಲಿ ಬಿಟ್ಟು ಮರಳು ಕಾರಿಸಬೇಕು. ಆ ಕೆಲಸದಲ್ಲಿ ಅವಸರ ಮಾಡಿದ ಹೋಟೆಲು ಮೊದಲ ತುತ್ತಿಗೇ ಹಲ್ಲಿಗೆ ಸಿಕ್ಕುತ್ತದೆ. ಏಡಿ ಆರಿಸುವಾಗ ಗಾತ್ರ ನೋಡಬಾರದು, ತೂಕ ನೋಡಬೇಕು. ಹಳೆ ಚಿಪ್ಪು ಕಳಚಿ ಹೊಸ ಚಿಪ್ಪು ಬೆಳೆದ ಹೊಸತರಲ್ಲಿ ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಕುಂದಾಪುರದ ಕೋಳಿ ಘೀ ರೋಸ್ಟ್ ಹೆಸರು ಮಾಡಿದ ಮೇಲೆ ಸಿಗಡಿ, ಏಡಿಗಳಿಗೂ ಆ ತುಪ್ಪದ ಮಸಾಲೆ ಬಂತು. ರುಚಿ ಅಲ್ಲಗಳೆಯುವಂತಿಲ್ಲ, ಆದರೆ ಅಷ್ಟು ತುಪ್ಪ ಖಾರದ ಅಡಿಯಲ್ಲಿ ಏಡಿಯ ಸಿಹಿ ಸಿಗುವುದಿಲ್ಲ.

ಬೆಲೆಯ ವಿಷಯದಲ್ಲಿ ಒಂದೇ ಎಚ್ಚರ ಸಾಕು. ಮಾಂಜಿ, ಅಂಜಲ್, ಏಡಿ, ದೊಡ್ಡ ಸಿಗಡಿಗಳ ಮುಂದೆ ಮೆನುವಿನಲ್ಲಿ ರೂಪಾಯಿ ಬರೆಯದೆ ‘ಗಾತ್ರದ ಮೇಲೆ’ ಎಂದಷ್ಟೇ ಇರುತ್ತದೆ. ದಕ್ಕೆಯ ಏಲಂ ದಿನಕ್ಕೊಂದು ದರ ಹೇಳುವುದರಿಂದ ಇದರಲ್ಲಿ ಮೋಸವೇನಿಲ್ಲ. ಹುರಿಯುವ ಮೊದಲು ಮೀನನ್ನು ತರಿಸಿ ನೋಡಿ, ರೇಟು ಕೇಳಿದರೆ ಬಿಲ್ಲಿನ ಹೊತ್ತಿಗೆ ಮನಸ್ತಾಪ ಇರುವುದಿಲ್ಲ. ಕೇಳುವುದಕ್ಕೆ ಸಂಕೋಚ ಬೇಡ. ಊರಿನವರೆಲ್ಲ ಕೇಳಿಯೇ ಹೇಳುವುದು.

ಕಾರವಾರದ ಕಡೆಗೆ ಹೋದರೆ ಹೆಸರುಗಳೇ ಬದಲಾಗುತ್ತವೆ. ಬೂತಾಯಿ ತಾರ್ಲೆಯಾಗುತ್ತದೆ, ಅಂಜಲ್ ಇಸ್ವಾಣವಾಗುತ್ತದೆ, ಮಾಂಜಿಗೆ ಪಾಪ್ಲೆಟ್ ಎನ್ನುತ್ತಾರೆ. ಊಟದ ಕೊನೆಗೆ ಮಜ್ಜಿಗೆಯ ಜಾಗಕ್ಕೆ ಪುನರ್ಪುಳಿ ಮತ್ತು ತೆಂಗಿನ ಹಾಲಿನ ಸೋಲ್‌ಕಡಿ ಬರುತ್ತದೆ. ಗೋವೆಯ ನೆರೆಹೊರೆ ಅಲ್ಲಿನ ಸಾರಿನಲ್ಲಿ ಎದ್ದು ಕಾಣುತ್ತದೆ.

ಮಂಗಳೂರಿನ ಮೀನೂಟ ದೇಶಕ್ಕೆ ಪರಿಚಯವಾದದ್ದು ಮಾತ್ರ ಮುಂಬೈಯಿಂದ. ತುಳುನಾಡಿನಿಂದ ಕೆಲಸ ಹುಡುಕಿ ಹೋದವರಿಗೆ ಮನೆಯ ರುಚಿ ಬಡಿಸಲು ಫೋರ್ಟ್ ಪರಿಸರದಲ್ಲಿ ಲಂಚ್ ಹೋಮ್‌ಗಳು ಹುಟ್ಟಿದವು. ಮಹೇಶ್ ಲಂಚ್ ಹೋಮ್, ತೃಷ್ಣಾ, ಅಪೂರ್ವ ಇವೆಲ್ಲ ಕರಾವಳಿಯವರು ಕಟ್ಟಿದವು. ಮೊದಲು ಗುಮಾಸ್ತರ ಊಟದ ಮನೆಗಳಾಗಿದ್ದವು ಮೆಲ್ಲಗೆ ಇಡೀ ಮುಂಬೈಯನ್ನು ಸೆಳೆದವು. ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಏಡಿ ಆ ಮೇಜುಗಳಲ್ಲಿ ಹೆಸರು ಮಾಡಿ, ಈಗ ತಿರುಗಿ ಮಂಗಳೂರಿನ ಮೆನುಗಳಲ್ಲಿ ಕೂತಿದೆ. ಸಸ್ಯಾಹಾರದಲ್ಲಿ ಉಡುಪಿ ಹೋಟೆಲು ಮಾಡಿದ ಕೆಲಸವನ್ನು ಮೀನಿನಲ್ಲಿ ಈ ಲಂಚ್ ಹೋಮ್‌ಗಳು ಮಾಡಿದವು. ಅವಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಕನ್ನಡದಲ್ಲಿ ಇನ್ನೂ ಸಂದಿಲ್ಲ.

ಎಚ್ಚರವಿರಬೇಕಾದಲ್ಲಿ

ಮೀನಿನಿಂದ ಆಗುವ ತೊಂದರೆಗಳಲ್ಲಿ ಒಂದನ್ನು ಎಲ್ಲರೂ ತಿಳಿದಿರಬೇಕು. ಬಂಗುಡೆ, ಕೇದಾರ್ (ಟ್ಯೂನಾ), ಅಂಜಲ್, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಜಾಸ್ತಿ. ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಲಿನಲ್ಲಿ ಬಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಆಯಿತೆಂದರೆ ಎಷ್ಟು ಬೇಯಿಸಿದರೂ, ಹುರಿದರೂ, ಫ್ರೀಜ್ ಮಾಡಿದರೂ ಅದು ಹೋಗುವುದಿಲ್ಲ. ಅಂಥ ಮೀನು ನಾಲಿಗೆಗೆ ಮೆಣಸಿನದಲ್ಲದ ಒಂದು ಚುರುಕು ಕೊಡಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈಯಲ್ಲಿ ದದ್ದು ಏಳುತ್ತದೆ. ಇದನ್ನು ಅಲರ್ಜಿ ಎಂದು ತಿಳಿದು ಮೀನನ್ನೇ ಬಿಟ್ಟವರುಂಟು. ತಪ್ಪು ಮೀನಿನದಲ್ಲ, ಐಸ್ ಹಾಕದವರದು. ನಿಜವಾದ ಅಲರ್ಜಿ ಸಿಗಡಿ, ಏಡಿಗಳಿಂದ ಬರುವುದು ಹೆಚ್ಚು. ಅದಕ್ಕೆ ಕಾರಣವಾದ ಪ್ರೋಟೀನ್ ಬೆಂಕಿಗೆ ಜಗ್ಗುವುದಿಲ್ಲ. ಸಿಗಡಿ ಹುರಿದ ಕಾವಲಿಯಲ್ಲೇ ಮೀನೂ ಹುರಿಯುವುದರಿಂದ, ಅಂಥವರು ಊಟ ಹೇಳುವ ಮೊದಲೇ ಹೋಟೆಲಿನವರಿಗೆ ತಿಳಿಸುವುದು ಜೀವಕ್ಕೆ ಕ್ಷೇಮ.

ದೂರದಿಂದ ಬರುವ ಮೀನಿನದ್ದು ಇನ್ನೊಂದು ಚಿಂತೆ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಸಾಗರ ರಾಣಿ’ ಕಾರ್ಯಾಚರಣೆಯಲ್ಲಿ ಗಡಿ ದಾಟಿ ಬಂದ ಲಾರಿಗಳಲ್ಲಿ ಫಾರ್ಮಲಿನ್ ಬೆರೆಸಿದ ಮೀನು ಹಿಡಿದ ಮೇಲೆ ಇಡೀ ಕರಾವಳಿ ಬೆಚ್ಚಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಲಿನ್, ಅಮೋನಿಯಾಗಳನ್ನು ನಿಮಿಷಗಳಲ್ಲಿ ಪತ್ತೆ ಮಾಡುವ ಕಾಗದದ ಪಟ್ಟಿಯನ್ನು ರೂಪಿಸಿದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಹೋಟೆಲುಗಳು ಅದನ್ನು ಇಟ್ಟುಕೊಳ್ಳಬೇಕು. ಅದು ದುಬಾರಿಯದ್ದೇನೂ ಅಲ್ಲ.

ಈ ಚಿಂತೆ ಹೆಚ್ಚುವುದು ಮಳೆಗಾಲದಲ್ಲಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ನಡುವಿನಿಂದ ತಮಿಳುನಾಡು, ಆಂಧ್ರದ ಮೀನು ಐಸ್ ಲಾರಿಗಳಲ್ಲಿ ಮಂಗಳೂರಿಗೆ ಬರುತ್ತದೆ. ಜುಲೈಯಲ್ಲಿ ಕಡಲ ಬದಿಯ ಹೋಟೆಲಿನಲ್ಲಿ ಕೂತು ತಿನ್ನುವ ಅಂಜಲ್ ಬಂಗಾಳ ಕೊಲ್ಲಿಯದೋ, ಶೈತ್ಯಾಗಾರದ್ದೋ ಆಗಿರುವುದೇ ಹೆಚ್ಚು. ಆ ಎರಡು ತಿಂಗಳು ಅಳಿವೆಯ ಕಾಣೆ, ಹೊಳೆಮೀನು, ನಾಡದೋಣಿಯ ಸಿಗಡಿ, ಒಣಮೀನಿನ ಚಟ್ನಿಗಳ ಕಾಲ. ಮೊದಲಿನ ಮನೆಗಳು ಮಳೆಗಾಲ ಕಳೆದದ್ದು ಹಾಗೆಯೇ. ಕುಚ್ಚಿಲಕ್ಕಿ ಗಂಜಿಯ ಜೊತೆ ಕೆಂಡದಲ್ಲಿ ಸುಟ್ಟ ಒಣಮೀನು ತಿಂದವರಿಗೆ ಅದು ಕೊರತೆಯ ಊಟ ಎಂದು ಅನಿಸುವುದಿಲ್ಲ. ಹೋಟೆಲುಗಳು ಇದನ್ನು ಮೆನುವಿಗೆ ತಂದರೆ ಗಿರಾಕಿಗಳು ಖಂಡಿತ ಬರುತ್ತಾರೆ.

ನಿಷೇಧ ಇರುವುದು ಮೀನು ಮೊಟ್ಟೆಯಿಡಲಿ ಎಂದು. ಆದರೆ ಉಳಿದ ಹತ್ತು ತಿಂಗಳು ಮರಿಗಳನ್ನೇ ಬಾಚಿದರೆ ಎರಡು ತಿಂಗಳ ವಿರಾಮದಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಕೃತಕ ಬೆಳಕು ಹಾಯಿಸಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಕಣ್ಣು ಕಿರಿದಾದ ಬಲೆಗೆ ಬಿದ್ದ ಸಣ್ಣ ಮೀನು ರಾಶಿರಾಶಿಯಾಗಿ ಕರಾವಳಿಯ ಮೀನುಹಿಟ್ಟು, ಮೀನೆಣ್ಣೆ ಕಾರ್ಖಾನೆಗಳಿಗೆ ಹೋಗುತ್ತಿದೆ. ಸ್ವಲ್ಪ ಪಾಲು ಹೋಟೆಲಿಗೂ ಬರುತ್ತದೆ. ಅಂಜಲ್ ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಎರಡಡಿ ದಾಟಿರುತ್ತದೆ. ಮೊಣಕೈ ಉದ್ದವೂ ಇಲ್ಲದ ಅಂಜಲನ್ನು ಇಡಿಯಾಗಿ ಹುರಿದು ತಟ್ಟೆಯಲ್ಲಿಟ್ಟರೆ, ಒಮ್ಮೆಯೂ ಮರಿ ಮಾಡದ ಮೀನನ್ನು ಬಡಿಸಿದ್ದಾರೆ ಎಂದೇ ಅರ್ಥ. ಕಾಯ್ದೆ ಕಡಲಿನಲ್ಲಿ ಎಷ್ಟು ನಡೆಯುತ್ತದೋ, ಮೇಜಿನ ಮೇಲೆ ಗಿರಾಕಿಯ ಮಾತು ನಡೆದೇ ನಡೆಯುತ್ತದೆ. ಮುಂದಿನ ಸಲ ಟ್ರೇ ಬಂದಾಗ ಸಣ್ಣ ಅಂಜಲ್, ಅಂಗೈಗಿಂತ ಚಿಕ್ಕ ಮಾಂಜಿ ಕಂಡರೆ ಬೇಡವೆನ್ನಿ. ಬೇಡವೆಂದದ್ದು ಯಾಕೆ ಎಂಬುದನ್ನೂ ಬಡಿಸುವವರಿಗೆ ಹೇಳಿ. ಆ ದಿನ ಬಂದ ಬಂಗುಡೆಯನ್ನೋ ಬೂತಾಯಿಯನ್ನೋ ಹೇಳಿ ಊಟ ಮಾಡಿ.